ಒಬ್ಬರಿಂದ ಆಗುವ ಕೆಲಸವಲ್ಲ

ಸಾಯುತ್ತಿರುವ ಒಬ್ಬ ಮನುಷ್ಯನನ್ನು ನೋಡಿಕೊಳ್ಳಲು ಎಷ್ಟು ಜನ ಬೇಕು? ಶಿವಾರ್ಯನೆಂಬ ಜೈನ ಮುನಿ ಪ್ರಾಕೃತದಲ್ಲಿ ಬರೆದ ‘ಭಗವತೀ ಆರಾಧನಾ’ ಗ್ರಂಥ ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಡುತ್ತದೆ: 48. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳು ಬೆಳೆದದ್ದು ಇದೇ ಆರಾಧನಾ ಪರಂಪರೆಯಲ್ಲಿ. ಕ್ರಮೇಣ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಸಲ್ಲೇಖನ ವ್ರತ ಹಿಡಿದು ಮಲಗಿದ ಕ್ಷಪಕನ ಸುತ್ತ ಇರಬೇಕಾದ ಸಹಾಯಕರನ್ನು ಆ ಗ್ರಂಥ ನಿರ್ಯಾಪಕರು ಎಂದು ಕರೆಯುತ್ತದೆ, ನಾಲ್ಕು ನಾಲ್ಕು ಜನರಿಗೆ ಒಂದೊಂದು ಕೆಲಸ ಹಂಚುತ್ತದೆ. ಮೈ ಹಿಡಿದು ಎಬ್ಬಿಸಿ ಮಗ್ಗುಲು ಬದಲಿಸಲು ನಾಲ್ವರು. ಧರ್ಮಕಥೆ ಹೇಳಲು ನಾಲ್ವರು. ಆಹಾರಕ್ಕೆ ಬೇರೆ, ನೀರಿಗೆ ಬೇರೆ. ಮಲಮೂತ್ರ ತೆಗೆದು ಶುಚಿ ಮಾಡಲು ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು, ಬಾಗಿಲು ಕಾಯಲು ನಾಲ್ವರು. ಕಾಲ ಕೆಟ್ಟಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆ ಮಾಡುವ ಹಾಗಿಲ್ಲ. ಒಬ್ಬನೇ ಇದ್ದರೆ ಆತ ಭಿಕ್ಷೆಗೆ ಹೋದಾಗ ಸಾಯುವವನು ಅನಾಥನಾಗುತ್ತಾನೆ, ಭಿಕ್ಷೆಗೆ ಹೋಗದಿದ್ದರೆ ನೋಡಿಕೊಳ್ಳುವವನೇ ಕೆಡುತ್ತಾನೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಕ್ಷಪಕ ರೋಗಿಯಲ್ಲ, ವ್ರತ ಹಿಡಿದವನು. ಗುಣವಾಗದ ಕಾಯಿಲೆಯಿಂದ ಮಲಗಿದ ಗೃಹಸ್ಥನ ಸ್ಥಿತಿ ಬೇರೆ, ಎರಡನ್ನೂ ಒಂದು ಮಾಡುವುದು ಸರಿಯಲ್ಲ. ಇಲ್ಲಿ ಮುಖ್ಯವಾದದ್ದು ಆ ವ್ಯವಸ್ಥೆಯ ಹಿಂದಿರುವ ಅನುಭವ. ಬಾಗಿಲು ಕಾಯಲೂ ಜನ ಬೇಕು ಎಂದು ಬರೆದವರು, ಮಲಗಿದವನ ಕೋಣೆಗೆ ಊರೆಲ್ಲ ನುಗ್ಗಿದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರೇ ಇರಬೇಕು.

ಇವತ್ತಿನ ಮನೆಗಳಲ್ಲಿ ಆ ಸಂಖ್ಯೆ ಹೆಚ್ಚಾಗಿ ಒಂದು. ಅರವತ್ತು ದಾಟಿದ ಹೆಂಡತಿ, ಇಲ್ಲವೇ ಕೆಲಸಕ್ಕೆ ರಜೆ ಹಾಕಿ ಬಂದ ಮಗಳು, ಇಲ್ಲವೇ ಸೊಸೆ. ಬೆಳಗ್ಗೆ ಎದ್ದ ಕೂಡಲೇ ಡಯಾಪರ್ ಬದಲಿಸಬೇಕು, ಯೂರಿನ್ ಬ್ಯಾಗ್ ಖಾಲಿ ಮಾಡಬೇಕು, ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಬೇಕು. ಬೆನ್ನ ಕೆಳಗೆ ಹುಣ್ಣಾಗಿದೆಯೇ ಎಂದು ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದನ್ನು ಒಬ್ಬರೇ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ನಡುವೆ ಅಡುಗೆ, ಮೆಡಿಕಲ್ ಸ್ಟೋರು, ಇನ್ಶೂರೆನ್ಸ್ ಕಾಗದ, ನೋಡಲು ಬಂದವರಿಗೆ ಕಾಫಿ. ರಾತ್ರಿ ಮಂಚದ ಪಕ್ಕದಲ್ಲೇ ಚಾಪೆ. ಬಂದವರು ಹೊರಡುವಾಗ “ನೀನು ಗಟ್ಟಿಯಾಗಿರ್ಬೇಕಮ್ಮ, ನೀನೇ ಹೀಗಾದ್ರೆ ಹೇಗೆ?” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತು ಇಡೀ ಭಾರವನ್ನು ಮತ್ತೊಮ್ಮೆ ಅವಳ ತಲೆಯ ಮೇಲೇ ಇಟ್ಟು ಹೋಗುತ್ತದೆ.

ಈ ಉಪನ್ಯಾಸದ ವಾದ ಇಷ್ಟೇ: ಪ್ರೀತಿಪಾತ್ರರು ಕಣ್ಣೆದುರೇ ಕರಗುವುದನ್ನು ತಾಳಿಕೊಳ್ಳುವುದು ಒಬ್ಬೊಬ್ಬರ ಮನೋಬಲದ ಪ್ರಶ್ನೆ ಎಂದು ಸಮಾಜ ನಂಬಿಕೊಂಡಿದೆ. ಅದು ನಿಜವಾಗಿ ಕೈಗಳ ಪ್ರಶ್ನೆ. ಎಷ್ಟು ಕೈಗಳಿವೆ, ಆ ಕೈಗಳಿಗೆ ಕೆಲಸ ಗೊತ್ತಿದೆಯೇ, ನೋವಿನ ಔಷಧ ಸಿಗುತ್ತದೆಯೇ, ಮನೆಯವರು ಪರಸ್ಪರ ನಿಜ ಮಾತಾಡುತ್ತಿದ್ದಾರೆಯೇ ಎಂಬುದರ ಮೇಲೆ ತಾಳಿಕೆ ನಿಂತಿದೆ.

ನೋಡಿಕೊಳ್ಳುವವರು ಕೆಡುತ್ತಾರೆ ಎಂಬ ಹಳೆಯ ಮಾತಿಗೆ ಹೊಸ ಆಧಾರವೂ ಇದೆ. ಅಮೆರಿಕದ ಸಂಶೋಧಕರಾದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿಯ ಆರೈಕೆಯಲ್ಲಿ ಬಳಲಿಹೋದವರು ಸಾಯುವ ಸಾಧ್ಯತೆ, ಆ ಹೊಣೆ ಇಲ್ಲದವರಿಗಿಂತ ಶೇಕಡ 63ರಷ್ಟು ಹೆಚ್ಚಾಗಿತ್ತು. ಬಳಲಿಕೆ ಇಲ್ಲದೆ ಆರೈಕೆ ಮಾಡಿದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಅಂದರೆ ಕೊಲ್ಲುವುದು ಆರೈಕೆಯಲ್ಲ, ನೆರವಿಲ್ಲದ ಆರೈಕೆ.

ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಯ ಸೇವೆಯನ್ನು ತಪಸ್ಸೆಂದೇ ತಿಳಿದವರು. ಕನ್ನಡದ ಓದುಗರಿಗೆ ಆ ಚಿತ್ರ ಚೆನ್ನಾಗಿ ಗೊತ್ತು. ಸೇವೆಗೆ ತಪಸ್ಸಿನ ಹೆಸರು ಬಂದ ಮೇಲೆ ಅದನ್ನು ಹಂಚಿಕೊಳ್ಳಲು ಯಾರೂ ಕೇಳುವುದಿಲ್ಲ, ಮಾಡುವವರೂ ಬಾಯಿ ಬಿಟ್ಟು ಕೇಳಲು ನಾಚುತ್ತಾರೆ. ಹೆಂಗಸರ ಪಾಲಿಗಂತೂ ಅದು ತಪಸ್ಸೂ ಅಲ್ಲ, ಮಾಡಲೇಬೇಕಾದ ಕರ್ತವ್ಯ. “ನಾಳೆ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಕೂತ್ಕೋತೀನಿ, ನೀವು ಮಲಗಿ” ಎಂದು ಹೇಳುವ ಪಕ್ಕದ ಮನೆಯವರು ಒಬ್ಬರಿದ್ದರೂ ಆ ವಾರದ ಬಣ್ಣವೇ ಬೇರೆಯಾಗುತ್ತದೆ. “ಏನಾದ್ರೂ ಬೇಕಿದ್ರೆ ಹೇಳಿ” ಎಂದರೆ ಯಾರೂ ಹೇಳುವುದಿಲ್ಲ. ದಿನ, ಗಂಟೆ, ಕೆಲಸ ಮೂರನ್ನೂ ಹೆಸರಿಸಿ ಹೇಳಿದರೆ ಅದು ನೆರವು.

ಕಾಯಿಲೆಗಳೆಲ್ಲ ಒಂದೇ ದಾರಿಯಲ್ಲಿ ಇಳಿಯುವುದಿಲ್ಲ. ಸ್ಕಾಟ್ಲೆಂಡಿನ ಸ್ಕಾಟ್ ಮರ್ರೆ ಮತ್ತು ಸಂಗಡಿಗರು 2005ರಲ್ಲಿ ಮೂರು ಬಗೆಯ ಇಳಿತವನ್ನು ವಿವರಿಸಿದರು. ಕ್ಯಾನ್ಸರಿನಲ್ಲಿ ಬಹಳ ಕಾಲ ಓಡಾಡಿಕೊಂಡಿದ್ದವರು ಕೊನೆಯ ಕೆಲವು ವಾರ ಅಥವಾ ತಿಂಗಳಲ್ಲಿ ಸರ್ರನೆ ಇಳಿಯುತ್ತಾರೆ. ಹೃದಯ, ಶ್ವಾಸಕೋಶ ಸೋತವರು ಆಸ್ಪತ್ರೆ ಸೇರುತ್ತಾರೆ, ಚೇತರಿಸಿಕೊಂಡು ಮನೆಗೆ ಬರುತ್ತಾರೆ, ಮತ್ತೆ ಸೇರುತ್ತಾರೆ. ಪ್ರತಿ ಸಲ ಒಂದು ಮೆಟ್ಟಿಲು ಕೆಳಗೆ. ಮರೆವಿನ ಕಾಯಿಲೆ ಮತ್ತು ಮುಪ್ಪಿನ ನಿಶ್ಶಕ್ತಿಯದ್ದು ವರ್ಷಗಟ್ಟಲೆ ಎಳೆಯುವ ಇಳಿಜಾರು. ಮನೆಯವರಿಗೆ ಇದು ಗೊತ್ತಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ. ಎರಡನೆಯ ಬಗೆಯಲ್ಲಿ “ಹೋದ ಸಲವೂ ಹೀಗೇ ಆಗಿತ್ತು, ಎದ್ದು ಬಂದ್ರು” ಎಂಬ ನಂಬಿಕೆಯೇ ಕೊನೆಯ ಮಾತುಗಳಿಗೆ ಅವಕಾಶ ಕೊಡದೆ ಹೋಗುತ್ತದೆ. ಮೂರನೆಯದರಲ್ಲಿ ಮನುಷ್ಯ ಎದುರಿಗೇ ಇದ್ದು ಇಲ್ಲವಾಗುತ್ತಾನೆ, ಮಗನನ್ನು ನೋಡಿ “ಯಾರಪ್ಪಾ ನೀನು?” ಎನ್ನುತ್ತಾನೆ. ಅಮೆರಿಕದ ಪಾಲಿನ್ ಬಾಸ್ ಅವರು 1970ರ ದಶಕದಿಂದ ಇಂಥ ತೀರ್ಮಾನವಿಲ್ಲದ ಅಗಲಿಕೆಯನ್ನೇ ಅಧ್ಯಯನ ಮಾಡಿದವರು. ಸಾವು ಸಂಭವಿಸದಿರುವುದರಿಂದ ಅಲ್ಲಿ ಸಂತಾಪ ಹೇಳುವವರೂ ಇರುವುದಿಲ್ಲ.

ಮನೆಯಲ್ಲಿ ಅತ್ಯಂತ ಹೆಚ್ಚು ಕಣ್ಣೀರು ಬೀಳುವ ಜಾಗ ಯಾವುದೆಂದರೆ ಊಟದ ತಟ್ಟೆ. ಗುಣವಾಗದ ಕ್ಯಾನ್ಸರ್ ಇರುವವರ ಹಸಿವು ಕ್ರಮೇಣ ಹೋಗುತ್ತದೆ. ಗಡ್ಡೆಯೂ ದೇಹದ ರಕ್ಷಣಾ ವ್ಯವಸ್ಥೆಯೂ ಬಿಡುಗಡೆ ಮಾಡುವ ರಾಸಾಯನಿಕಗಳು ಹಸಿವನ್ನು ಅಡಗಿಸುತ್ತವೆ, ಸ್ನಾಯುಗಳನ್ನು ಕರಗಿಸುತ್ತವೆ. ಆ ಹಂತದಲ್ಲಿ ಎಷ್ಟು ತಿನ್ನಿಸಿದರೂ ತೂಕ ಮರಳುವುದಿಲ್ಲ. ಒಲೆ ಆರುತ್ತಿರುವಾಗ ಸೌದೆ ಒಟ್ಟಿದಂತೆ. ಊಟ ಬಿಟ್ಟದ್ದರಿಂದ ಸಾಯುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸುತ್ತದೆ, ನಡೆಯುತ್ತಿರುವುದು ಅದರ ತಿರುವುಮುರುವು: ದೇಹ ಮುಗಿಯುತ್ತಿರುವುದರಿಂದ ಊಟ ಬಿಟ್ಟಿದೆ.

ಇದು ಪುಸ್ತಕದಲ್ಲಿ ಓದಲು ಸುಲಭ. ಗಂಜಿಯ ಬಟ್ಟಲು ಹಿಡಿದು ಕೂತವಳಿಗೆ ಸುಲಭವಲ್ಲ. ನಲವತ್ತು ವರ್ಷ ಅಡುಗೆ ಮಾಡಿ ಬಡಿಸಿದ್ದೇ ಅವಳ ಪ್ರೀತಿಯ ಭಾಷೆ. ಚಮಚ ತುಟಿಗೆ ತಾಗಿಸುತ್ತಾಳೆ. “ಎರಡು ಸ್ಪೂನಾದ್ರೂ ತಗೊಳ್ಳಿ, ನನಗೋಸ್ಕರ” ಎನ್ನುತ್ತಾಳೆ. ಆತ ಅವಳ ಮುಖ ನೋಡಿ ಬಾಯಿ ತೆರೆಯುತ್ತಾನೆ, ಗಂಜಿ ನಾಲಗೆಯ ಮೇಲೇ ನಿಲ್ಲುತ್ತದೆ, ನುಂಗಲು ಆಗದೆ ಕಟವಾಯಿಂದ ಇಳಿಯುತ್ತದೆ, ಕೆಮ್ಮು ಬರುತ್ತದೆ. ಬಾಗಿಲಲ್ಲಿ ನಿಂತ ನಾದಿನಿ “ಸರಿಯಾಗಿ ತಿನ್ನಿಸ್ತಿಲ್ಲ ನೀನು” ಎನ್ನುತ್ತಾಳೆ. ಆ ಒಂದು ಮಾತು ಎಷ್ಟು ವರ್ಷ ಉಳಿಯುತ್ತದೆ ಎಂಬುದು ಕೇಳಿಸಿಕೊಂಡವರಿಗೇ ಗೊತ್ತು. ನುಂಗುವ ಶಕ್ತಿ ಹೋದವರಿಗೆ ಒತ್ತಾಯದಿಂದ ಕೊಟ್ಟರೆ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೊನೆಯ ದಿನಗಳಲ್ಲಿ ಹಾಕುವ ಡ್ರಿಪ್ಪಿನ ನೀರು ಕೈಕಾಲಿನ ಬಾವಾಗಿ, ಗಂಟಲಿನ ಗೊರಗೊರ ಸದ್ದಾಗಿ ತೊಂದರೆ ಹೆಚ್ಚಿಸಬಹುದು.

ಹಾಗಾದರೆ ಕೈ ಕಟ್ಟಿ ಕೂರಬೇಕೇ? ಇಲ್ಲ. ಶುದ್ಧ ಹತ್ತಿಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ ಹಿಂಡಿ, ಒಸಡು, ನಾಲಗೆ, ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಒರೆಸುವುದು. ತುಟಿಗೆ ವ್ಯಾಸಲಿನ್ ಸವರುವುದು. ಇಷ್ಟವಿದ್ದರೆ ಒಂದು ತೊಟ್ಟು ಎಳನೀರು, ಎರಡು ತೊಟ್ಟು ಕಾಫಿ, ರುಚಿಗೆ. ದಿನಕ್ಕೆ ಹಲವು ಸಲ ಮಾಡಬೇಕಾದ ಕೆಲಸ ಇದು. ತಿನ್ನಿಸುತ್ತಿದ್ದ ಕೈಗೆ ಹೊಸ ಕೆಲಸ ಸಿಕ್ಕಾಗ ಆ ಕೈಯ ನಡುಕ ಕಡಿಮೆಯಾಗುತ್ತದೆ ಎಂಬುದನ್ನು ಮನೆಮನೆಗೆ ಹೋಗುವ ನರ್ಸ್‌ಗಳು ಬಲ್ಲರು. ತುಳಸಿ ನೀರು ಬಿಡುವ ಪದ್ಧತಿ ಇರುವ ಮನೆಗಳಲ್ಲಿ ಇದನ್ನು ಕಲಿಸುವುದು ಇನ್ನೂ ಸುಲಭ. ತೊಟ್ಟು ತೊಟ್ಟಾಗಿ ಬಿಡಬೇಕು, ತಲೆ ಸ್ವಲ್ಪ ಪಕ್ಕಕ್ಕೆ ಇರಬೇಕು, ಇಷ್ಟು ಹೇಳಿಕೊಟ್ಟರೆ ಸಾಕು.

ಊಟದ ಸಂಕಟಕ್ಕಾದರೂ ತಿಳಿವಳಿಕೆ ಒಂದು ಮದ್ದು. ನೋವಿಗೆ ನಿಜವಾದ ಮದ್ದೇ ಬೇಕು.

ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. 1948ರಲ್ಲಿ ಅವರು ನೋಡಿಕೊಳ್ಳುತ್ತಿದ್ದ ಡೇವಿಡ್ ತಾಸ್ಮಾ ಎಂಬ ಪೋಲಿಷ್ ಯಹೂದಿ ನಿರಾಶ್ರಿತ ಕ್ಯಾನ್ಸರಿನಿಂದ ತೀರಿಕೊಂಡ. ಸಾಯುವವರಿಗಾಗಿ ಒಂದು ಮನೆ ಕಟ್ಟಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಆ ಮನೆಯ ಕಿಟಕಿಗಾಗಿ ಎಂದು ಆತ 500 ಪೌಂಡ್ ಬಿಟ್ಟುಹೋದ. ವೈದ್ಯರಾಗದೆ ಈ ಕೆಲಸ ಆಗದು ಎಂದು ತಿಳಿದು ಸಾಂಡರ್ಸ್ ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು. ಅವರು ಕಲಿಸಿದ ದೊಡ್ಡ ಪಾಠಗಳು ಎರಡು. ನೋವು ಕಾಣಿಸಿಕೊಂಡ ಮೇಲೆ ಔಷಧ ಕೊಡುವುದಲ್ಲ, ಅದು ಮರಳುವ ಮೊದಲೇ ಗಡಿಯಾರ ನೋಡಿ ಕೊಡಬೇಕು. ಮತ್ತು ನೋವು ಮೈಯದ್ದಷ್ಟೇ ಅಲ್ಲ: ಮಗಳ ಮದುವೆಯ ಚಿಂತೆ, ಸಾಲದ ಭಯ, ದೇವರು ಯಾಕೆ ಹೀಗೆ ಮಾಡಿದ ಎಂಬ ಪ್ರಶ್ನೆ, ಎಲ್ಲವೂ ಸೇರಿಯೇ ಅದು ನೋವು.

ಔಷಧ ಎಂದರೆ ಮುಖ್ಯವಾಗಿ ಮಾರ್ಫಿನ್, ಅಫೀಮಿನಿಂದ ಬರುವುದು. ಭಾರತ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳುಹಿಸುವ ದೇಶ. ಇಲ್ಲಿನ ರೋಗಿಗಳಿಗೆ ಮಾತ್ರ ಅದು ಸಿಗಲಿಲ್ಲ. 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ ಒಂದೊಂದು ಆಸ್ಪತ್ರೆಯೂ ಬೇರೆ ಬೇರೆ ಇಲಾಖೆಗಳಿಂದ ಹಲವು ಪರವಾನಗಿ ಪಡೆಯಬೇಕಾಯಿತು. ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲು ಎಂಬ ಭಯದಿಂದ ಔಷಧ ಅಂಗಡಿಗಳು ಇಡುವುದನ್ನೇ ಬಿಟ್ಟವು. ದೇಶದಲ್ಲಿ ವರ್ಷಕ್ಕೆ 573 ಕಿಲೋ ಇದ್ದ ಮಾರ್ಫಿನ್ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ರಾತ್ರಿಗಳು ಅಡಗಿವೆ! ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಕಾಲೇಜಿನಿಂದ ಹೊರಬಂದರು. 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಅನುಮತಿಯಲ್ಲಿ ಮಾರ್ಫಿನ್ ಇಟ್ಟು ಕೊಡಬಹುದು. ಕಾನೂನು ಸಡಿಲವಾಯಿತು, ಭಯ ಇನ್ನೂ ಆಗಿಲ್ಲ.

ಮನೆಯಲ್ಲೂ ಆ ಭಯವಿದೆ. “ಮಾರ್ಫಿನ್ ಶುರು ಮಾಡಿದ್ರೆ ಇನ್ನೇನು ಮುಗೀತು ಅಂತ ಅರ್ಥ ಅಲ್ವಾ?” ಎಂದು ಕೇಳುವವರಿದ್ದಾರೆ. ಅಲ್ಲ. ಸರಿಯಾದ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟ ಮಾರ್ಫಿನ್ ನೋವನ್ನು ತಗ್ಗಿಸುತ್ತದೆ, ಆಯಸ್ಸನ್ನಲ್ಲ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ ಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಇಷ್ಟನ್ನು ಯಾರಾದರೂ ಕೂತು ವಿವರಿಸಿದರೆ ಮನೆಯವರು ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಟ್ಟು “ತೀರಾ ಆಗದಿದ್ದಾಗ ಕೊಡೋಣ” ಎಂದು ಕಾಯುವುದಿಲ್ಲ. ಬಾಸ್ಟನ್ನಿನಲ್ಲಿ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಆರೈಕೆಯೂ ಸಿಕ್ಕವರ ಕೊನೆಯ ದಿನಗಳಲ್ಲಿ ಚಿಕಿತ್ಸೆಯ ಆರ್ಭಟ ಕಡಿಮೆ ಇತ್ತು, ಆದರೂ ಅವರೇ ಹೆಚ್ಚು ಕಾಲ ಬದುಕಿದರು: ಮಧ್ಯಮ ಅವಧಿ 11.6 ತಿಂಗಳು, ಉಳಿದವರದ್ದು 8.9.

ಮನೆಯಲ್ಲಿ ನಿಜ ಮಾತಾಡುವುದು ಮಾರ್ಫಿನ್ ತರುವುದಕ್ಕಿಂತ ಕಷ್ಟ. ಬೆಂಗಳೂರಿನ ಯಾವ ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತರೂ ಈ ದೃಶ್ಯ ಕಾಣುತ್ತದೆ. ಮಗ ವೈದ್ಯರ ಕೋಣೆಗೆ ಒಬ್ಬನೇ ನುಗ್ಗಿ ಕೈಮುಗಿಯುತ್ತಾನೆ: “ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ಗೊತ್ತಾದ್ರೆ ಅಲ್ಲೇ ಕುಸಿದುಬಿಡ್ತಾರೆ.” ಹೊರಗೆ ಬೆಂಚಿನ ಮೇಲೆ ಕೂತ ಅಪ್ಪ ಆಸ್ಪತ್ರೆಯ ಹೆಸರನ್ನು ಓದಿದ್ದಾನೆ, ಪಕ್ಕದವರ ಜೊತೆ ಮಾತಾಡಿದ್ದಾನೆ, ಕಿಮೋ ನಿಲ್ಲಿಸಿದ್ದನ್ನು ಗಮನಿಸಿದ್ದಾನೆ. ಅವನೂ ನರ್ಸ್ ಹತ್ತಿರ “ಮಕ್ಕಳಿಗೆ ಹೇಳ್ಬೇಡಿ, ಪಾಪ” ಎನ್ನುತ್ತಾನೆ. ಇಬ್ಬರೂ ಪ್ರೀತಿಯಿಂದಲೇ ಸುಳ್ಳು ಹೇಳುತ್ತಾರೆ, ಇಬ್ಬರೂ ಒಂಟಿಯಾಗುತ್ತಾರೆ. ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಚತುರ್ವೇದಿ ಮತ್ತು ಪ್ರಭಾ ಚಂದ್ರ ಈ ಮುಚ್ಚುಮರೆಯ ಒಪ್ಪಂದದ ಬಗ್ಗೆ ಬರೆದಿದ್ದಾರೆ. ಭಾರತದ ಕುಟುಂಬಗಳಲ್ಲಿ ಇದು ರಕ್ಷಿಸುವ ಆಸೆಯಿಂದ ಬರುತ್ತದೆ, ಆದ್ದರಿಂದ ಗದರಿಸಿ ಮುರಿಯುವುದಕ್ಕಾಗದು.

ಮುಖಕ್ಕೆ ಹೊಡೆದಂತೆ ಸತ್ಯ ಹೇಳಬೇಕಾಗಿಲ್ಲ. ಕೇಳಬೇಕು. “ನಿಮಗೆ ಏನನ್ಸುತ್ತೆ, ಕಾಯಿಲೆ ಹೇಗಿದೆ?” ಎಂದು ಕೇಳಿ ಸುಮ್ಮನಿದ್ದರೆ ಹೆಚ್ಚಿನವರು ತಾವೇ ಬಾಯಿ ಬಿಡುತ್ತಾರೆ. ಆಮೇಲೆ ಬರುವುದು ದೊಡ್ಡ ತತ್ವಗಳಲ್ಲ. ತೋಟದ ಪಾಲು, ಬ್ಯಾಂಕಿನ ನಾಮಿನಿ, ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾದದ್ದು, ಒಮ್ಮೆ ಊರಿಗೆ ಹೋಗಿ ಬರಬೇಕೆಂಬುದು. ಇವೆಲ್ಲ ಕಾಲವಿರುವಾಗಲಷ್ಟೇ ಆಗುವ ಕೆಲಸಗಳು. ಎಲ್ಲವೂ ಬೇಡ ಎಂದು ಮುಖ ತಿರುಗಿಸುವವರೂ ಇದ್ದಾರೆ, ಅವರನ್ನು ಬಿಟ್ಟುಬಿಡಬೇಕು. ತಿಳಿಯುವ ಹಕ್ಕಿನ ಜೊತೆ ತಿಳಿಯದಿರುವ ಹಕ್ಕೂ ರೋಗಿಯದೇ.

ನೋಡಿಕೊಳ್ಳುವವರು ಯಾರ ಹತ್ತಿರವೂ ಹೇಳಿಕೊಳ್ಳದ ಒಂದು ಮಾತಿದೆ. ರಾತ್ರಿ ಮೂರನೆಯ ಸಲ ಎದ್ದು ಹಾಸಿಗೆಯ ಬಟ್ಟೆ ಬದಲಿಸುವಾಗ ಮನಸ್ಸಿನಲ್ಲಿ ಹಾದುಹೋಗುತ್ತದೆ: ಬೇಗ ಮುಗಿದುಹೋಗಲಿ. ಮರುಕ್ಷಣವೇ ಎದೆ ಝಲ್ಲೆನ್ನುತ್ತದೆ. ಇಂಥ ಯೋಚನೆ ಬಂದವಳು ಕೆಟ್ಟವಳಲ್ಲ. ಬಾಸ್ಟನ್ನಿನ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ದುಃಖದ ಬಗ್ಗೆ ಬರೆದ ಹೆಸರಾಂತ ಲೇಖನದಲ್ಲಿ ಮುಂಗಡ ದುಃಖದ ಮಾತೆತ್ತಿದ್ದ. ಯುದ್ಧಕ್ಕೆ ಹೋದ ಗಂಡ ಬಾರನೇನೋ ಎಂದು ಹೆದರಿ ಒಳಗೊಳಗೇ ಎಲ್ಲ ದುಃಖವನ್ನೂ ಮುಗಿಸಿಕೊಂಡಿದ್ದ ಹೆಂಡತಿ, ಗಂಡ ಜೀವಂತ ಮರಳಿದಾಗ ಅವನನ್ನು ಮತ್ತೆ ಒಪ್ಪಿಕೊಳ್ಳಲಾಗದೆ ಹೋದ ಉದಾಹರಣೆ ಅಲ್ಲಿದೆ. ಮನಸ್ಸು ಸಾವಿಗಿಂತ ಮುಂಚೆಯೇ ಬಿಡಿಸಿಕೊಳ್ಳಲು ಶುರು ಮಾಡುತ್ತದೆ. ಮೈ ದಣಿದಾಗ ಅದು ಇನ್ನೂ ಬೇಗ. ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ವಿವರಿಸಿದ ಐದು ಹಂತಗಳನ್ನು ಈಗ ಎಲ್ಲರೂ ದುಃಖದ ವೇಳಾಪಟ್ಟಿ ಎಂಬಂತೆ ಉದ್ಧರಿಸುತ್ತಾರೆ. ಆಕೆ ಮಾತಾಡಿಸಿದ್ದು ಸಾಯುತ್ತಿದ್ದ ರೋಗಿಗಳನ್ನು. ಮನೆಯವರ ಮನಸ್ಸು ಆ ಕ್ರಮದಲ್ಲಿ ಸಾಗಲೇಬೇಕೆಂದಿಲ್ಲ. ಒಂದೇ ಮಧ್ಯಾಹ್ನದಲ್ಲಿ ಕೋಪ, ನಗು, ಮರಗಟ್ಟಿದ ಸ್ಥಿತಿ ಎಲ್ಲವೂ ಬಂದು ಹೋಗಬಹುದು. ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆ ಅದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ಸರಿಯಾಗಿ ನಡೆಯುತ್ತಿದ್ದ ಮನೆಯಲ್ಲೂ ಒಂದು ರಾತ್ರಿ ಉಸಿರು ಸಿಕ್ಕಿಕೊಂಡು ಆಂಬುಲೆನ್ಸ್ ಬರುತ್ತದೆ. ಐಸಿಯು ಬಾಗಿಲಲ್ಲಿ ಕಿರಿಯ ವೈದ್ಯರೊಬ್ಬರು ಕಾಗದ ಹಿಡಿದು ಕೇಳುತ್ತಾರೆ: “ವೆಂಟಿಲೇಟರ್ ಹಾಕ್ಬೇಕು, ಸೈನ್ ಮಾಡ್ತೀರಾ?” ಐದು ನಿಮಿಷದಲ್ಲಿ ಉತ್ತರ ಬೇಕು. ವರ್ಷದಿಂದ ಮಗ್ಗುಲಲ್ಲಿದ್ದ ಮಗಳು ಬೇಡ ಎನ್ನಬಯಸುತ್ತಾಳೆ. ನ್ಯೂಜೆರ್ಸಿಯಲ್ಲಿರುವ ಅಣ್ಣ ಫೋನಿನಲ್ಲಿ “ಏನೇ ಆಗ್ಲಿ, ನಾನು ಬರೋವರೆಗೆ ಎಲ್ಲಾ ಮಾಡಿ” ಎನ್ನುತ್ತಾನೆ. ಇದು ಕನ್ನಡಿಗರಿಗಷ್ಟೇ ಬಂದ ಪಾಡಲ್ಲ. ದೂರದಿಂದ ಹಾರಿ ಬಂದು ಎಲ್ಲ ಚಿಕಿತ್ಸೆ ಆಗಲೇಬೇಕೆಂದು ಹಟ ಹಿಡಿಯುವ ಮಗುವಿಗೆ ವೈದ್ಯ ಲೋಕದಲ್ಲಿ ‘ಕ್ಯಾಲಿಫೋರ್ನಿಯಾದ ಮಗಳು’ ಎಂದೇ ಹೆಸರು, 1991ರಲ್ಲಿ ಅದರ ಬಗ್ಗೆ ಪ್ರಬಂಧವೇ ಬಂದಿತ್ತು. ಆ ಅಣ್ಣನನ್ನು ಬೈದು ಪ್ರಯೋಜನವಿಲ್ಲ. ಅಪ್ಪ ದಿನದಿನವೂ ಇಳಿದದ್ದನ್ನು ಅವನು ನೋಡಿಲ್ಲ. ಅವನ ಮನಸ್ಸಿನಲ್ಲಿ ಹೋದ ದಸರಾದ ಅಪ್ಪ ಇದ್ದಾನೆ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಅವನನ್ನು ಕೂರಿಸಿಕೊಂಡು, ಮುಖ ಮಾತ್ರವಲ್ಲ, ಕಾಲಿನ ಬಾವನ್ನೂ ಬೆನ್ನಿನ ಗಾಯವನ್ನೂ ತೋರಿಸಿ, ವೈದ್ಯರ ಜೊತೆ ನೇರ ಮಾತಾಡಿಸಿದ್ದರೆ ಆ ರಾತ್ರಿ ಬೇರೆಯಾಗುತ್ತಿತ್ತು. ದೂರದ ಮಗ ಮಾಡಬಹುದಾದ ಕೆಲಸಗಳೂ ಇವೆ: ರಾತ್ರಿ ಪಾಳಿಗೆ ಹೋಂ ನರ್ಸ್ ಸಂಬಳ, ಬಿಲ್ಲುಗಳು, ತಂಗಿಗೆ ಒಂದು ವಾರದ ಬಿಡುವು ಸಿಗುವಂತೆ ರಜೆ ಹಾಕಿ ಬರುವುದು.

ಕಾನೂನು ಈಗ ರೋಗಿಯ ಮಾತಿಗೆ ಜಾಗ ಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿತು. ಅದರ ವಿಧಾನ ತೀರಾ ತೊಡಕಾಗಿದ್ದರಿಂದ 2023ರ ಜನವರಿಯಲ್ಲಿ ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಎರಡು ದಶಕಕ್ಕೂ ಹೆಚ್ಚು ಕಾಲ ಇದಕ್ಕಾಗಿ ಹೋರಾಡಿದವರು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ಅನುಮತಿಯಲ್ಲ. ಗುಣವಾಗುವ ಆಸೆಯೇ ಇಲ್ಲವೆಂದು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದಾಗ, ಮನೆಯವರ ಸಮ್ಮತಿಯ ಮೇಲೆ, ಜೀವವನ್ನು ಎಳೆಯುವ ಯಂತ್ರಗಳನ್ನು ಹಾಕದಿರುವುದು ಅಥವಾ ತೆಗೆಯುವುದು. ನೋವಿನ ಆರೈಕೆ ನಿಲ್ಲುವುದಿಲ್ಲ. ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ ಒಂದು ಭಾನುವಾರ ಕೂತು ಈ ಪತ್ರ ಬರೆದಿಟ್ಟರೆ, ಐಸಿಯು ಬಾಗಿಲಲ್ಲಿ ಮಕ್ಕಳ ಮೇಲೆ ಬೀಳುವ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

ಪ್ರತಿ ವರ್ಷ ಜಗತ್ತಿನಲ್ಲಿ 5.68 ಕೋಟಿ ಜನರಿಗೆ ಪ್ಯಾಲಿಯೇಟಿವ್ ಆರೈಕೆ ಬೇಕು, ಸಿಗುವುದು ಸುಮಾರು ನೂರಕ್ಕೆ 14 ಜನರಿಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಮನೆಗಳಿಗೂ ತಂಡ ಕಳುಹಿಸುತ್ತದೆ. ಅಂಥ ಹಾಸ್ಪಿಸ್‌ಗಳು ಇನ್ನಷ್ಟು ಬೇಕು. ಆದರೆ ಬೀದರಿನ ಅಥವಾ ಸಿದ್ದಾಪುರದ ಹಳ್ಳಿಯ ರೋಗಿ ಬೆಂಗಳೂರಿಗೆ ಬಂದು ಸಾಯಬೇಕೆಂದು ಬಯಸುವುದಿಲ್ಲ, ತನ್ನ ಪಡಸಾಲೆಯಲ್ಲೇ ಇರಬೇಕೆನ್ನುತ್ತಾನೆ. ಅವನಿಗೆ ಮಾದರಿ ಇರುವುದು ಪಕ್ಕದ ಕೇರಳದಲ್ಲಿ. 1993ರಲ್ಲಿ ಕೋಯಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ನಿವಾರಣೆಯ ಕೆಲಸ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅವರಿಗೆ ಹೊಳೆದದ್ದು ಏನೆಂದರೆ, ರೋಗಿಗೆ ವೈದ್ಯರು ಬೇಕಿರುವುದು ವಾರದಲ್ಲಿ ಸ್ವಲ್ಪ ಹೊತ್ತು, ಉಳಿದ ಹೊತ್ತೆಲ್ಲ ಬೇಕಿರುವುದು ನೆರೆಹೊರೆ. ಮಲಪ್ಪುರಂ ಜಿಲ್ಲೆಯಲ್ಲಿ ವಿದ್ಯಾರ್ಥಿಗಳು, ಅಂಗಡಿಯವರು, ಗೃಹಿಣಿಯರು, ನಿವೃತ್ತರು ತರಬೇತಿ ಪಡೆದು ತಮ್ಮ ಕೇರಿಯ ರೋಗಿಗಳನ್ನು ನೋಡತೊಡಗಿದರು. ಅಕ್ಕಿ ತಂದುಕೊಡುವುದು, ಗಾಯ ತೊಳೆಯುವುದು, ಮಕ್ಕಳ ಶಾಲೆಯ ಫೀಸಿಗೆ ಹಣ ಕೂಡಿಸುವುದು, ಸುಮ್ಮನೆ ಕೂತು ಮಾತಾಡುವುದು. ಖರ್ಚಿನ ಬಹುಪಾಲು ಊರವರ ಚಿಲ್ಲರೆ ದೇಣಿಗೆಗಳಿಂದಲೇ ಬಂತು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ಆರೈಕೆಯ ನೀತಿಯನ್ನೇ ರೂಪಿಸಿ ಪಂಚಾಯಿತಿಗಳನ್ನು ಇದರಲ್ಲಿ ತೊಡಗಿಸಿತು. ಪಂಚಾಯಿತಿಯ ನರ್ಸ್ ಮನೆಮನೆಗೆ ಹೋಗುತ್ತಾಳೆ.

ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಮಠಗಳಿವೆ, ಮಸೀದಿ ಚರ್ಚುಗಳ ಸೇವಾ ಮಂಡಳಿಗಳಿವೆ, ಯುವಕ ಸಂಘಗಳಿವೆ. ಗಣೇಶೋತ್ಸವಕ್ಕೆ ಪಾಳಿ ಹಂಚಿಕೊಳ್ಳುವ ಬೀದಿಗೆ ಒಬ್ಬ ರೋಗಿಯ ಮಧ್ಯಾಹ್ನಗಳನ್ನು ಹಂಚಿಕೊಳ್ಳುವುದು ಅಸಾಧ್ಯವಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ, ಅದನ್ನು ಬರೆಯಲು ಹೆದರದ ಒಬ್ಬ ವೈದ್ಯರು, ಮನೆಗೆ ಹೋಗುವ ಒಬ್ಬ ನರ್ಸ್. ಸರ್ಕಾರದಿಂದ ಕೇಳಬೇಕಾದ್ದು ಮೊದಲು ಇಷ್ಟು, ಮತ್ತು ಜೋರಾಗಿಯೇ ಕೇಳಬೇಕು.

ಕೊನೆಯ ಎರಡು ಮೂರು ದಿನಗಳಲ್ಲಿ ಏನೇನು ಕಾಣುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ನಿದ್ದೆ ಹೆಚ್ಚುತ್ತದೆ. ಕೈಕಾಲು ತಣ್ಣಗಾಗಿ ಮಂಡಿಯ ಮೇಲೆ ನೀಲಿ ಮಚ್ಚೆಗಳು ಮೂಡುತ್ತವೆ. ಮೂತ್ರ ಕಡಿಮೆಯಾಗುತ್ತದೆ. ಎಂದೋ ಸತ್ತ ಅವ್ವನನ್ನು ಕರೆಯುತ್ತಾರೆ, ಹಾಸಿಗೆಯ ಬಟ್ಟೆ ಎಳೆಯುತ್ತಾರೆ. ಉಸಿರು ಜೋರಾಗಿ, ನಿಧಾನವಾಗಿ, ಕೆಲವು ಸೆಕೆಂಡು ನಿಂತೇ ಹೋಗಿ ಮತ್ತೆ ಶುರುವಾಗುತ್ತದೆ. ಗಂಟಲಿನ ಗೊರಗೊರ ಕೇಳುವವರನ್ನು ಹೆದರಿಸುತ್ತದೆ. ಎಚ್ಚರ ತಪ್ಪಿದವರಿಗೆ ಅದು ಬಹುಶಃ ಸಂಕಟ ಕೊಡುವುದಿಲ್ಲ. ಪಕ್ಕಕ್ಕೆ ಮಲಗಿಸಿದರೆ ಸದ್ದು ತಗ್ಗುತ್ತದೆ, ವೈದ್ಯರು ಅದಕ್ಕೆ ಔಷಧವನ್ನೂ ಕೊಡಬಲ್ಲರು. ವ್ಯಾಂಕೂವರಿನ ಹಾಸ್ಪಿಸ್ ಒಂದರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿಕ್ರಿಯೆ ನಿಂತ ಕೆಲವು ರೋಗಿಗಳ ಮೆದುಳು ಕೊನೆಯ ಗಂಟೆಗಳಲ್ಲೂ ಶಬ್ದಗಳಿಗೆ ಸ್ಪಂದಿಸುತ್ತಿದ್ದುದು ಇಇಜಿಯಲ್ಲಿ ಕಂಡುಬಂತು. ಅವರಿಗೆ ಅರ್ಥವಾಗುತ್ತಿತ್ತೇ ಎಂದು ಅದರಿಂದ ಹೇಳಲಾಗದು. ಆದರೆ ಮಂಚದ ಪಕ್ಕ ನಿಂತು ಆಸ್ತಿ ಜಗಳ ಆಡಬಾರದು ಎನ್ನಲು ಅಷ್ಟು ಸಾಕು.

ಸಾವಿನ ನಂತರ ಹನ್ನೊಂದು, ಹನ್ನೆರಡು, ಹದಿಮೂರು ದಿನ ಮನೆ ತುಂಬಿರುತ್ತದೆ. ನೆಂಟರು ಬಸ್ಸು ಹತ್ತಿದ ಮೇಲೆ ಉಳಿಯುವುದು ಬಾಡಿಗೆಗೆ ತಂದ ಆಮ್ಲಜನಕದ ಯಂತ್ರ, ಏರ್ ಬೆಡ್ಡು, ಅರ್ಧ ಮುಗಿದ ಮಾತ್ರೆ ಪಟ್ಟಿಗಳು, ಮತ್ತು ರಾತ್ರಿ ಎರಡಕ್ಕೆ ತಾನಾಗಿ ಎಚ್ಚರವಾಗುವ ಒಬ್ಬ ಹೆಂಗಸು. ಅವಳ ಶುಗರ್ ನೋಡಿಸಿ ವರ್ಷವಾಗಿರುತ್ತದೆ. ಮಂಡಿನೋವಿಗೆ ಆಮೇಲೆ ಹೋದರಾಯಿತು ಎಂದುಕೊಂಡಿದ್ದಳು. ಒಳ್ಳೆಯ ಪ್ಯಾಲಿಯೇಟಿವ್ ತಂಡಗಳು ರೋಗಿ ತೀರಿಕೊಂಡ ಮೇಲೂ ಆ ಮನೆಗೆ ಹೋಗುತ್ತವೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ವಾಪಸು ಪಡೆಯುವುದು ಒಂದು ಕೆಲಸ. ಅವಳ ಬಿಪಿ ನೋಡುವುದು, ನಿದ್ದೆ ಹೇಗಿದೆ ಎಂದು ಕೇಳುವುದು, ವಿಧವಾ ಪಿಂಚಣಿಯ ಅರ್ಜಿ ತುಂಬಲು ನೆರವಾಗುವುದು ಇನ್ನೊಂದು ಕೆಲಸ. ಮುಂದಿನ ತಿಂಗಳು ಮತ್ತೆ ಬರುತ್ತೇವೆಂದು ದಿನ ಗುರುತು ಹಾಕಿಕೊಂಡು ಅವರು ಮುಂದಿನ ಮನೆಗೆ ಹೊರಡುತ್ತಾರೆ.